ಚೀಲ ಹೊರಟ ದಿನ

ತುಂಗಭದ್ರೆಯ ದಡದ ಮೇಲೆ ಒಂದು ಸಣ್ಣ ಮಠ. ಮಠದ ಮುಂದೆ ಒಂದು ಹುಣಸೆಮರ, ಮರದ ಸುತ್ತ ಕಲ್ಲಿನ ಕಟ್ಟೆ. ಅಲ್ಲಿಯ ಗುರು ಮಡಿವಾಳಯ್ಯನವರನ್ನು ಸುತ್ತಲಿನ ಊರವರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು.

ಒಂದು ಸಂಜೆ ಅಜ್ಜಾರು ಹೊಳೆಯ ಮರಳು ಹಾಕಿ ಹಂಡೆ ತಿಕ್ಕುತ್ತಿದ್ದಾಗ ಕೊಟ್ರೇಶ ಬಂದು ಎದುರಿಗೆ ಕೂತ. ಹುಡುಗನಾಗಿದ್ದಾಗ ಹನ್ನೆರಡು ವರ್ಷ ಇದೇ ಮಠದಲ್ಲಿ ಉಂಡು ಓದಿದವನು. ಆಮೇಲೆ ಇಪ್ಪತ್ತನಾಲ್ಕು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು, ಸೀಟಿ ಊದಿ ಊದಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿದವನು. ಒಂದು ನಿಮಿಷ ಆಚೀಚೆಯಾದರೂ ಅವನಿಗೆ ಮೈಯೆಲ್ಲ ಉರಿ.

ಆ ಕೆಲಸ ಬಿಟ್ಟು ಈಗ ಮನೆಯವರನ್ನೆಲ್ಲ ಕರೆದುಕೊಂಡು ಒಂದು ವರ್ಷದ ದೇಶಸಂಚಾರಕ್ಕೆ ಹೊರಟಿದ್ದ. ಐದು ತಿಂಗಳಾಗಿತ್ತು. ಹಿಮದ ಬೆಟ್ಟ ನೋಡಿದ್ದಾಯಿತು, ಮರಳುಗಾಡು ನೋಡಿದ್ದಾಯಿತು. ಎಪ್ಪತ್ತು ದಾಟಿದ ತಾಯಿ ಹಾಲಮ್ಮ ಹುಟ್ಟಿದಾಗಿನಿಂದ ಕಾಣದಿದ್ದ ಸಮುದ್ರ ಮಾತ್ರ ಬಾಕಿ ಇತ್ತು. ಅಲ್ಲಿಗೆ ಹೋಗುವ ದಾರಿಯಲ್ಲಿ ಎಲ್ಲರೂ ಮಠದಲ್ಲಿ ಇಳಿದುಕೊಂಡಿದ್ದರು.

ದಿನಕ್ಕೊಂದು ಪುಟದಂತೆ ಅವನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಟ್ಟಿದ್ದ. ವಿಮಾನಗಳು ಆ ನೋಟ್‌ಬುಕ್ಕನ್ನು ಓದಿರಲಿಲ್ಲ. ಒಂದು ಮಂಜಿಗೆ ತಡ, ಇನ್ನೊಂದು ಗಾಳಿಗೆ ತಡ, ಮತ್ತೊಂದಕ್ಕೆ ಕಾರಣವನ್ನೂ ಯಾರೂ ಹೇಳಲಿಲ್ಲ. ತಡವಾದಾಗಲೆಲ್ಲ ಕೊಟ್ರೇಶ ಕೌಂಟರಿಗೆ ಹೋಗಿ ಜಗಳ ತೆಗೆಯುತ್ತಿದ್ದ.

ಹೋದ ಸಲ ಅವನು ಕೂಗಾಡಿದ್ದಕ್ಕೆ ಹೆದರಿ ಒಂಬತ್ತು ವರ್ಷದ ಮಗಳು ಬಿಂದು ಅಜ್ಜಿಯ ಸೆರಗಿನ ಹಿಂದೆ ಅಡಗಿದ್ದಳು. ಹೆಂಡತಿ ವಿನೋದಾ ಅವತ್ತೇ ಹೇಳಿಬಿಟ್ಟಿದ್ದಳು, ಇನ್ನೊಂದು ಸಲ ಹೀಗಾದರೆ ಅಲ್ಲಿಂದಲೇ ಊರಿಗೆ ಟಿಕೆಟ್ ತೆಗೆಸುತ್ತೇನೆ, ಈ ಸಂಚಾರ ಸಾಕು ಎಂದು. ಅವಳು ಹೇಳಿದ್ದನ್ನು ಮಾಡುವ ಹೆಂಗಸು.

"ಅಜ್ಜಾರ, ಸಿಟ್ಟು ಹೆಂಗ ತಡಕೊಳ್ಳೋದು?" ಎಂದು ಕೊಟ್ರೇಶ ಕೇಳಿದ.

"ನಿನ್ನ ವಿಮಾನ ಎಂದೈತಿ?"

"ನಾಳೆ ಹತ್ತೂವರೆಗೆ."

"ಹಂಗಾರ ನಾಳೆ ಕೇಳು," ಎಂದು ಅಜ್ಜಾರು ಹಂಡೆಯ ಇನ್ನೊಂದು ಮಗ್ಗುಲು ತಿಕ್ಕತೊಡಗಿದರು.

ಬೆಳಿಗ್ಗೆ ಎಲ್ಲರೂ ಮಿಂದು ಮಡಿಯುಟ್ಟು, ಚೀಲಗಳನ್ನು ಬಾಗಿಲಿಗೆ ತಂದಿಟ್ಟುಕೊಂಡು ನಿಂತಿದ್ದರು. ಕಾರು ಬರುವ ಮೊದಲೇ ಫೋನಿಗೆ ಸಂದೇಶ ಬಂತು. ಇವತ್ತಿನ ವಿಮಾನ ನಾಳೆಗೆ ಹೋಗಿತ್ತು.

ಕೊಟ್ರೇಶನ ಮುಖ ಕೆಂಪಾಯಿತು. ವಿನೋದಾ ಅವನನ್ನೇ ನೋಡುತ್ತ ನಿಂತಳು. ಬಿಂದು ಅಜ್ಜಿಯ ಕಡೆ ಒಂದು ಹೆಜ್ಜೆ ಸರಿದಳು.

ಅಜ್ಜಾರು ಬಂದು ಅವನ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಅಂಗಳ ದಾಟಿ ಹೋಗಿ ಹುಣಸೆಮರದ ಕಟ್ಟೆಯ ಮೇಲೆ ಇಟ್ಟರು.

"ಹಾಲಮ್ಮಾ, ಇದಕ್ಕ ಏನಂತಾರ?"

ಹಾಲಮ್ಮನ ಮುಖ ಅರಳಿತು. "ಪ್ರಸ್ಥಾನ ಇಡೋದು ಅಂತಾರ್ರೀ ಅಜ್ಜಾರ. ನಮ್ಮ ಮಾವ ಇಡ್ತಿದ್ದ."

ಹಿಂದಿನವರ ಪದ್ಧತಿ ಅದು. ಒಳ್ಳೆಯ ಗಳಿಗೆಯಲ್ಲಿ ಹೊರಡಲಾಗದಿದ್ದರೆ ತಮ್ಮ ಗಂಟನ್ನು ಆ ಗಳಿಗೆಗೆ ಮನೆಯಾಚೆ ಒಯ್ದು ಇಡುತ್ತಿದ್ದರು. ಗಂಟು ಹೊಸ್ತಿಲು ದಾಟಿದರೆ ಪ್ರಯಾಣ ಶುರುವಾದಂತೆ. ಆಮೇಲೆ ಮನುಷ್ಯ ಯಾವಾಗ ಹೋದರೂ ನಡೆಯುತ್ತಿತ್ತು.

"ಆತು, ನೀವು ಹೊಂಟ್ರಿ," ಎಂದರು ಅಜ್ಜಾರು.

ಕೊಟ್ರೇಶ ಗುರುವಿನ ಮಾತು ಮೀರುವವನಲ್ಲ. ಹೊರಟೆ ಎಂದುಕೊಂಡು ಹೋಗಿ ಚೀಲದ ಪಕ್ಕದಲ್ಲಿ ಕೂತ. ಚೀಲ ಕಾಯುತ್ತ, ಫೋನು ನೋಡುತ್ತ, ಇಡೀ ದಿನ ಅಲ್ಲೇ ಕೂತ. ಹರಿಗೋಲಿಗೆ ಬಾ ಎಂದು ಅಜ್ಜಾರು ಕರೆದರೆ, ಚೀಲ ಯಾರು ನೋಡಬೇಕು ಎಂದ. ಆ ಚೀಲವನ್ನು ಕದಿಯಲು ಅಲ್ಲಿ ಒಂದು ಮಂಗವೂ ಇರಲಿಲ್ಲ.

ಉಳಿದವರು ಅಜ್ಜಾರ ಜೊತೆ ಆಚೆ ದಡಕ್ಕೆ ಹೋದರು. ಹೊಳೆ ಪಾತ್ರದಲ್ಲಿ ಬೆಳೆದ ಕಲ್ಲಂಗಡಿಯನ್ನು ಕಲ್ಲಿಗೆ ಒಡೆದು ತಿಂದರು. ಬಂಡೆಯ ಮೇಲೆ ಮರಿ ಆಡಿಸುತ್ತಿದ್ದ ನೀರುನಾಯಿಗಳನ್ನು ಬಿಸಿಲು ಏರುವ ತನಕ ನೋಡಿದರು. ಹನ್ನೆರಡು ವರ್ಷ ಇಲ್ಲೇ ಇದ್ದರೂ ಕೊಟ್ರೇಶ ಒಂದು ನೀರುನಾಯಿಯನ್ನೂ ಕಂಡವನಲ್ಲ.

ಸಂಜೆ ಬಿಂದು ಮರದಡಿ ಬಿದ್ದ ಹುಣಸೆಬೀಜ ಆರಿಸಿ ತಂದಳು. ಹಾಲಮ್ಮ ಅವನ್ನು ಕಟ್ಟೆಯ ಕಲ್ಲಿಗೆ ಉಜ್ಜಿ, ಒಂದು ಮಗ್ಗುಲು ಬಿಳಿ ಮಾಡಿ, ಸೊಂಟದ ಸಂಚಿಗೆ ಹಾಕಿಕೊಂಡಳು. ನೀರುನಾಯಿಯ ಮರಿ ಹೇಗೆ ಜಾರಿ ಬಿತ್ತೆಂದು ಬಿಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಹೇಳಿದ್ದು ಅಜ್ಜಿಗೆ. ಅಜ್ಜಿ ಅದನ್ನು ಕಣ್ಣಾರೆ ನೋಡಿದ್ದಳು. ನೋಡದಿದ್ದ ಅಪ್ಪ ಎರಡು ಮಾರು ದೂರದಲ್ಲೇ ಇದ್ದ, ಅವನ ಕಡೆ ಅವಳು ತಿರುಗಲೂ ಇಲ್ಲ.

ಕೊಟ್ರೇಶ ಫೋನು ಜೇಬಿಗಿಟ್ಟ.

ಅಜ್ಜಾರು ಕಟ್ಟೆಯ ಹತ್ತಿರ ಬಂದು ನಿಂತರು. "ಚೀಲ ಮುಂಜಾನೆನ ಹೊಂಟೈತಿ, ತಮ್ಮಾ. ನೀ ಎಂದು ಹೊಂಡ್ತಿ?"

ಕೊಟ್ರೇಶ ಕಟ್ಟೆಯಿಂದಿಳಿದು ಒಳಗೆ ಹೋದ. ಊಟ ಮಾಡಿ ಮಲಗಿಬಿಟ್ಟ.

ಮರುದಿನ ವಿಮಾನ ನಿಲ್ದಾಣ ಮುಟ್ಟಿದಾಗ ಫಲಕದಲ್ಲಿ ಒಂದು ಗಂಟೆ ತಡ ಎಂದಿತ್ತು. ಸ್ವಲ್ಪ ಹೊತ್ತಿನಲ್ಲೇ ಅದು ಮೂರು ಗಂಟೆಯಾಯಿತು. ಸಮುದ್ರದ ಕಡೆ ಬಿರುಗಾಳಿ ಎದ್ದಿದೆಯಂತೆ, ಯಾವಾಗ ನಿಲ್ಲುತ್ತದೋ ಗೊತ್ತಿಲ್ಲವಂತೆ. ಜನ ಹೋಗಿ ಕೌಂಟರಿಗೆ ಮುತ್ತಿದರು. ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ಗದ್ದಲ.

ಕೊಟ್ರೇಶ ಚೀಲ ಹೆಗಲಿಗೇರಿಸಿ ಎದ್ದ.

"ಬ್ಯಾಡ್ರೀ," ಎಂದಳು ವಿನೋದಾ. ಅವನು ಆಗಲೇ ನಡೆದಿದ್ದ.

ಬಸ್ ನಿಲ್ದಾಣದಲ್ಲಿ ಪಳಗಿದ ಮೈ ಅದು, ಜನ ತಾವಾಗಿ ದಾರಿ ಬಿಟ್ಟರು. ಕೌಂಟರಿನ ಹುಡುಗಿಗೆ ಇಪ್ಪತ್ತೆರಡಿರಬಹುದು. ಅವನ ಮುಖ ನೋಡಿದ್ದೇ, ಬೈಸಿಕೊಳ್ಳಲು ಸಿದ್ಧಳಾಗಿ ಸೆಟೆದು ನಿಂತಳು. ಎಷ್ಟೋ ಕೌಂಟರುಗಳಲ್ಲಿ ಆಡಿ ಹದವಾಗಿದ್ದ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು.

ಅವಳ ಹಿಂದಿನ ಗಾಜಿನಲ್ಲಿ ಅವನ ಕುಟುಂಬ ಕಾಣುತ್ತಿತ್ತು. ಹಾಲಮ್ಮನ ಸೀರೆಯ ಹಿಂದೆ ಎರಡು ಪುಟ್ಟ ಚಪ್ಪಲಿಗಳು.

ಚೀಲದ ಪಟ್ಟಿ ಹೆಗಲಿಗೆ ಒತ್ತುತ್ತಿತ್ತು. ಕೊಟ್ರೇಶ ಚೀಲವನ್ನು ಕೆಳಗಿಳಿಸಿದ.

"ಊಟ ಆತೇನವ್ವಾ?" ಎಂದ.

ಹುಡುಗಿಗೆ ಅರ್ಥವಾಗಲಿಲ್ಲ. ಅವನು ಇನ್ನೊಮ್ಮೆ ಕೇಳಿದ. ಬೆಳಿಗ್ಗೆ ಐದರಿಂದ ಇಲ್ಲೇ ನಿಂತಿದ್ದೇನೆ ಎಂದಳು, ಹೇಳುತ್ತಲೇ ಕಣ್ಣು ತುಂಬಿಕೊಂಡಳು. ಅವನು ಚೀಲ ಬಿಚ್ಚಿ, ತಾಯಿ ಕಟ್ಟಿಕೊಂಡಿದ್ದ ಖಡಕ್ ರೊಟ್ಟಿ ಎರಡು, ಶೇಂಗಾ ಹಿಂಡಿ ಒಂದಿಷ್ಟು ಅವಳ ಮುಂದಿಟ್ಟ. ಸುತ್ತ ಕೂಗುತ್ತಿದ್ದವರ ಗಂಟಲು ಯಾಕೋ ಇಳಿಯಿತು.

ಆಮೇಲೆ ಚೀಲ ಎತ್ತಿಕೊಂಡು ಆ ದೊಡ್ಡ ಹಜಾರವನ್ನು ಉದ್ದಕ್ಕೂ ದಾಟಿ, ಕೊನೆಯ ಕಿಟಕಿಯ ಬುಡದಲ್ಲಿ ಇಟ್ಟ.

"ಅವ್ವಾ, ಪ್ರಸ್ಥಾನ ಇಟ್ಟೀನಿ. ಬರ್ರಿ ಎಲ್ಲಾರೂ, ಹೊಂಟ್ವಿ."

ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಮಗಳ ಕೈಗೆ ಕೊಟ್ಟ. ಚೌಕಾಬಾರದ ಮನೆ ಬರಿ ಎಂದ.

ಬಿಂದು ಹಾಳೆಯನ್ನು ತಿರುವಿ ನೋಡಿದಳು. "ಅಪ್ಪಾ, ಇದು ಇವತ್ತಿಂದು."

"ಅದಕ್ಕ ಹರಿದೀನಿ."

ಹಾಲಮ್ಮ ಸಂಚಿಯಿಂದ ಹುಣಸೆಬೀಜ ತೆಗೆದಳು. ಆಟ ಶುರುವಾಯಿತು. ಕೌಂಟರಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದ ಟೈ ಕಟ್ಟಿದ ಮನುಷ್ಯ ಮೊದಲು ನಿಂತು ನೋಡಿದ, ಆಮೇಲೆ ಬಗ್ಗಿ ನೋಡಿದ, ಕೊನೆಗೆ ಟೈ ಸಡಿಲಿಸಿ ಹಾಲಮ್ಮನ ಕಡೆ ಆಡಲು ಕೂತ. ಒಂದೊಂದೇ ಚೀಲ ಬಂದು ಆ ಕಿಟಕಿಯ ಬುಡ ಸೇರಿತು. ಹೊರಗೆ ರನ್‌ವೇಯ ಹುಲ್ಲಿನಲ್ಲಿ ಬೆಳ್ಳಕ್ಕಿಗಳು ಓಡಾಡುವುದನ್ನು ಮಕ್ಕಳು ಮೂಗು ಗಾಜಿಗೆ ಒತ್ತಿ ನೋಡುತ್ತಿದ್ದರು.

ಇನ್ನೇನು ನಡುಮನೆ ಸೇರಬೇಕಿದ್ದ ಕೊಟ್ರೇಶನ ಕಾಯಿಯನ್ನು ಬಿಂದು ಹೊಡೆದಳು. ಅವನು ಹಾಕಿದ ಕೂಗಿಗೆ ಇಡೀ ಹಜಾರ ತಿರುಗಿ ನೋಡಿತು. ಬಿಂದು ಈ ಸಲ ಅಡಗಲಿಲ್ಲ. ಅಪ್ಪನ ತೊಡೆಯ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎದ್ದು ಕೂತು, ಅವನಿಗೆ ನೀರುನಾಯಿಯ ಕಥೆಯನ್ನು ಮೊದಲಿನಿಂದ ಹೇಳಿದಳು.

ನಾಲ್ಕು ಗಂಟೆಗೆ ಕೌಂಟರಿನ ಹುಡುಗಿ ತಾನೇ ಅವರ ಹತ್ತಿರ ಬಂದು ಹೇಳಿದಳು, ಇವತ್ತು ವಿಮಾನ ಹೋಗುವುದಿಲ್ಲ ಎಂದು. ವಿನೋದಾ ಫೋನು ತೆಗೆದು ಟಿಕೆಟ್ ನೋಡತೊಡಗಿದಳು. ಯಾವ ಊರಿಗೆ ಎಂದು ಕೇಳುವ ಧೈರ್ಯ ಕೊಟ್ರೇಶನಿಗೆ ಆಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವರ ಕಾರು ಮಠದ ಮುಂದೆ ನಿಂತಿತು. ಅಜ್ಜಾರು ಹುಣಸೆಮರದ ಕಟ್ಟೆಯ ಮೇಲೆ ಕೂತಿದ್ದರು. ಕೊಟ್ರೇಶ ಒಂದು ಹೆಗಲಲ್ಲಿ ಚೀಲ, ಇನ್ನೊಂದು ಹೆಗಲಲ್ಲಿ ನಿದ್ದೆಹೋದ ಮಗಳನ್ನು ಹೊತ್ತು ಬಂದು ಎದುರಿಗೆ ನಿಂತ.

"ವಿಮಾನ ಹೋಗಲಿಲ್ಲ, ಅಜ್ಜಾರ."

ಹಿಂದಿನಿಂದ ವಿನೋದಾ ಹೇಳಿದಳು, ನಾಡಿದ್ದಿಗೆ ಟಿಕೆಟ್ ತೆಗೆಸಿದ್ದೇನೆ, ಸಮುದ್ರಕ್ಕೆ. ನಾಡಿದ್ದು ಆಗದಿದ್ದರೆ ಅದರ ಮರುದಿನ. ಹಾಲಮ್ಮನಿಗೆ ಅವಸರವೇನೂ ಇದ್ದಂತಿರಲಿಲ್ಲ. ನಾಳೆ ಆಚೆ ದಡಕ್ಕೆ ಎಷ್ಟು ಹೊತ್ತಿಗೆ ಹೋದರೆ ನೀರುನಾಯಿ ಸಿಗುತ್ತವೆ, ಮಗನಿಗೆ ತೋರಿಸಬೇಕು ಎಂದು ಕೇಳಿದಳು.

ಕೊಟ್ರೇಶ ಹೆಂಡತಿಯ ಮುಖವನ್ನೇ ನೋಡುತ್ತ ನಿಂತುಬಿಟ್ಟ. ಅವನಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಅಜ್ಜಾರು ಎದ್ದು ಬಂದು ಅವನ ಹೆಗಲಿನ ಚೀಲವನ್ನು ಇಳಿಸಿಕೊಂಡರು. ಮಗುವನ್ನು ಅವನ ಹೆಗಲಲ್ಲೇ ಬಿಟ್ಟರು.

"ಚೀಲ ತಿರುಗಿ ಬಂತು, ತಮ್ಮಾ. ನೀ ಮಾತ್ರ ಹೊಂಟಿ."