ರುಮಾಲಿನ ಕೆಳಗಿನ ಜಾಗ

ಗದಗ ಸೀಮೆಯ ಒಂದೂರಲ್ಲಿ, ಮುಚ್ಚಿಹೋದ ಹತ್ತಿ ಗಿರಣಿಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದವಳು ಚಿತ್ರಗಾರ್ತಿ ಕಸ್ತೂರಿ. ಹಿಂದೊಮ್ಮೆ ಆ ಗಿರಣಿಗೆ ಬೆಂಕಿ ಬಿದ್ದಾಗ ಸತ್ತ ಹಮಾಲರನ್ನು ಅದರ ಹೊರಗೋಡೆಯ ಮೇಲೆ ಬರೆಯುತ್ತಿದ್ದಳು. ಮನೆಮನೆಗೆ ಹೋಗಿ ಫೋಟೋ ಕೇಳಿ ತಂದು ಒಂದೊಂದೇ ಮುಖ ಮೂಡಿಸಿದ್ದಳು. ನಟ್ಟನಡುವೆ ಮಾತ್ರ ಬರೀ ಒಂದು ರುಮಾಲು. ಅದರ ಕೆಳಗೆ ಮುಖವಿರಲಿಲ್ಲ.

ಅನಾವರಣದ ಹಿಂದಿನ ದಿನ ಪುರಸಭೆ ಅಧ್ಯಕ್ಷ ವೀರಭದ್ರಗೌಡರು ನೋಡಲು ಬಂದರು. ಖಾಲಿ ಜಾಗ ಕಂಡದ್ದೇ ತಡ, ಅಲ್ಲಿಗೆ ಬೆರಳು ತೋರಿಸಿದರು.

"ಇಲ್ಲಿ ನನ್ನ ಮುಖ ಬರಬೇಕು. ಗ್ವಾಡಿ ಪುರಸಭೆದ್ದು, ಇಲ್ಲಾಂದ್ರ ನಾಳೆ ಸುಣ್ಣ ಹೊಡಸ್ತೀನಿ."

ಕಸ್ತೂರಿ ಕುಂಚ ತೊಳೆದಳು, ಬಣ್ಣ ಕಲಸಿದಳು.

"ಕೂಡ್ರಿ ಗೌಡ್ರ, ಈಗ ಬರೀತೀನಿ. ನಾಳೆ ನಿಮ್ಮ ಮನಿ ಅಕ್ಕಾರನ್ನ, ಮಕ್ಕಳನ್ನ ಮಾತ್ರ ತಪ್ಪದ ಕಳಸ್ರಿ."

"ಅವರ್ಯಾಕ?"

"ಒಂದೊಂದು ಮುಖಕ್ಕೂ ಅವರವರ ಮನಿಯವರೇ ಹಾರ ಹಾಕಿ, ದೀಪ ಹಚ್ಚಿ, ಎಡಿ ಇಡ್ತಾರ್ರಿ. ನಿಮಗ ಬ್ಯಾರೆಯವರು ಇಟ್ರ ಛಲೋ ಕಾಣಂಗಿಲ್ಲ."

ಗೌಡರ ಕೈ ತಾನಾಗಿ ಕೊರಳಿಗೆ ಹೋಯಿತು. ಕೂರಲು ಹೊರಟವರು ಹಾಗೇ ಎದ್ದು ನಿಂತರು.

"ಬ್ಯಾಡ, ಬ್ಯಾಡ ಬಿಡವ್ವಾ."

ನಾಲ್ಕು ಹೆಜ್ಜೆ ಹೋದವರು ತಿರುಗಿ, ದನಿ ತಗ್ಗಿಸಿ ಕೇಳಿದರು: "ಆ ಜಾಗ ಯಾರದು?"

"ಹಮಾಲ ಫಕೀರಪ್ಪಂದ್ರಿ. ಜನ್ಮದಾಗ ಒಂದು ಫೋಟೋ ತೆಗಿಸಿಕೊಂಡವನಲ್ಲ. ಅವನ ರುಮಾಲಷ್ಟ ಮಂದಿ ನೆನಪಿನಾಗ ಉಳದೈತಿ. ಹಾರ ಹಾಕಾಕ ಮನಿಯವರೂ ಇಲ್ಲ."

ಮರುದಿನ ಗೌಡರು ಬಂದರು. ತಮ್ಮ ಕೊರಳಿಗೆ ಬಂದ ಹಾರವನ್ನು ಕೈಯಲ್ಲೇ ಇಸಿದುಕೊಂಡು, ಆ ರುಮಾಲಿನ ಕೆಳಗೆ ಇಟ್ಟರು.