ಖಾಲಿ ಮಗ್ಗ

"ಅಜ್ಜಾರ, ಹುಟ್ಟಿದಾಗ ಮನಸ್ಸು ಖಾಲಿ ಪಾಟಿ ಇದ್ದಂಗ ಅಂತಾರ. ನನ್ನ ಪಾಟಿ ಮ್ಯಾಲೆ ಎಲ್ಲಾ ಬ್ಯಾರೆಯವರೇ ಬರದಾರ. ಹಂಗಾದ್ರ ಈ ನಂಬಿಕಿ ನಂದು ಹೆಂಗ ಆಕ್ಕೈತಿ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಅವರ ಶಿಷ್ಯ ಮುರಿಗೆಪ್ಪ. ಐದನೆಯ ವಯಸ್ಸಿನಲ್ಲಿ ಅವನಿಗೆ ಜ್ವರ ನೆತ್ತಿಗೇರಿತ್ತು. ಉಳಿದರೆ ಮಗನನ್ನು ಮಠಕ್ಕೆ ಕೊಡುತ್ತೇನೆಂದು ತಾಯಿ ಹರಕೆ ಹೊತ್ತಳು. ಮಗ ಉಳಿದ, ತಾಯಿ ಮಾತು ಉಳಿಸಿಕೊಂಡಳು. ಈಗ ಅವನಿಗೆ ಇಪ್ಪತ್ತೆರಡು. ಮರುದಿನ ಬೆಳಿಗ್ಗೆ ದೀಕ್ಷೆ. ಕಾವಿ ಒಮ್ಮೆ ಉಟ್ಟರೆ ಬಿಚ್ಚುವ ಹಾಗಿಲ್ಲ. ಈವರೆಗೆ ಯಾರೂ ತನ್ನನ್ನು ಒಂದು ಮಾತು ಕೇಳಲಿಲ್ಲವೆಂದೂ, ಪಾಟಿಯನ್ನು ಪೂರ್ತಿ ಒರೆಸಿ ತಾನೇ ಬರೆದುಕೊಳ್ಳಬೇಕೆನಿಸುತ್ತದೆಂದೂ, ಅದಕ್ಕೆ ಮಠ ಬಿಟ್ಟೇ ಹೋಗಬೇಕಾದೀತೆಂದೂ ಹೇಳಿ ಅವನು ನೆಲ ನೋಡಿದ. ಸಾಕಿದವರ ಮುಂದೆ ಇಂಥ ಮಾತು ಆಡುವುದು ಸುಲಭವಲ್ಲ.

ಗುರುಗಳು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿದರು. ಎಷ್ಟು ದೊಡ್ಡ ಪ್ರಶ್ನೆ ಇದ್ದರೂ ನಾಳೆ ಊರಿಗೆಲ್ಲ ಸಾರು ಆಗಲೇಬೇಕಲ್ಲ. ಅವನೂ ಆರಿಸತೊಡಗಿದ ಮೇಲೆ ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನಿಗೆ ಒಬ್ಬಳೇ ಮಗಳು. ನೇಕಾರರಲ್ಲಿ ಒಂದು ಪದ್ಧತಿ ಇದೆ. ಸೀರೆ ನೇಯ್ದು ಮುಗಿದಾಗ ಹಾಸಿನ, ಅಂದರೆ ಉದ್ದಕ್ಕೆ ಹೂಡಿದ, ಎಳೆಗಳನ್ನು ಪೂರ್ತಿ ತೆಗೆಯುವುದಿಲ್ಲ. ಗೇಣುದ್ದ ತುದಿಯನ್ನು ಮಗ್ಗದಲ್ಲೇ ಬಿಡುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ತುದಿಗೆ ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆಮೇಲೆ ಹಳೆಯದನ್ನು ಎಳೆದರೆ ಹೊಸದು ತಾನಾಗಿ ಮಗ್ಗದೊಳಗೆ ಬರುತ್ತದೆ. ಮಗಳು ಹುಟ್ಟಿದಂದಿನಿಂದ ಆ ಮನೆಯ ಮಗ್ಗ ಒಂದು ದಿನವೂ ಖಾಲಿ ಆಗಿದ್ದಿಲ್ಲ.

ಮಗಳ ಕೈ ತಂದೆಯ ಕೈಗಿಂತ ಚುರುಕು. ಆದರೂ ಅವಳಿಗೊಂದು ಕೊರಗು. ಅವಳು ಏನು ನೇಯ್ದರೂ ನೋಡಿದವರು ಥೇಟ್ ಅಪ್ಪನ ಕೈ ಎನ್ನುತ್ತಿದ್ದರು. ಹೊಗಳಿಕೆಯೇ ಅದು, ಅವಳಿಗೆ ಮಾತ್ರ ಮುಳ್ಳು. ತಂದೆ ನೆಂಟರ ಊರಿಗೆ ಹೋಗಿದ್ದಾಗ ಅವಳು ಕತ್ತರಿ ತೆಗೆದುಕೊಂಡು ಮಗ್ಗದಲ್ಲಿದ್ದ ತುದಿಗಳನ್ನೆಲ್ಲ ಕಡಿದು ಎಳೆದುಹಾಕಿದಳು. ಇನ್ನು ತನ್ನ ಸೀರೆ ಯಾರ ತುದಿಗೂ ಕಟ್ಟಿದ್ದಲ್ಲ ಎಂದು ಅವಳಿಗೆ ಹಬ್ಬವೋ ಹಬ್ಬ.

ಮರುದಿನ ಖಾಲಿ ಮಗ್ಗದ ಮುಂದೆ ಕೂತು ಬಣ್ಣ ಯೋಚಿಸಿದಳು. ಕೆಂಪು ಎಂದರೆ ಅವ್ವ ಉಡುತ್ತಿದ್ದ ಸೀರೆ ನೆನಪಾಯಿತು. ಹಸಿರು ಬೇಡವೆಂದಳು. ಯಾಕೆ ಬೇಡ? ಅದು ಅಪ್ಪನಿಗೆ ಇಷ್ಟ. ಅಪ್ಪನದಲ್ಲದ್ದನ್ನು ಹುಡುಕಲು ಹೆಜ್ಜೆಹೆಜ್ಜೆಗೂ ಅಪ್ಪನನ್ನೇ ನೆನೆಯಬೇಕಾಯಿತು. ತಲೆ ಕೆಟ್ಟು, ಏನಾದರಾಗಲಿ ಎಂದು ಮನೆಯಲ್ಲಿದ್ದ ಬಿಳಿ ಹಾಸನ್ನೇ ಹೂಡಲು ಎದ್ದಳು.

ತಾನು ಮಾಡಿಕೊಂಡದ್ದು ಏನೆಂದು ತಿಳಿದದ್ದು ಆಗ. ಕೆಚ್ಚುವುದಾದರೆ ಒಬ್ಬರೇ ಕೂತು ಕೆಚ್ಚಬಹುದು. ಖಾಲಿ ಮಗ್ಗಕ್ಕೆ ಎಳೆ ಪೋಣಿಸಲು ಇಬ್ಬರು ಬೇಕು. ಹಿಂದೆ ಕೂತವರು ಒಂದೊಂದೇ ಎಳೆ ಬಿಡಿಸಿ ಕೊಡಬೇಕು. ಮುಂದೆ ಕೂತವರು ಅದನ್ನು ಮಗ್ಗದಲ್ಲಿ ಇಳಿಬಿಟ್ಟ ದಾರದ ಕುಣಿಕೆಯೊಳಗಿಂದ ಎಳೆದುಕೊಳ್ಳಬೇಕು. ಹೀಗೆ ಎರಡೂವರೆ ಸಾವಿರ ಎಳೆ. ಕೇರಿಯಲ್ಲಿ ಯಾರನ್ನು ಕರೆದರೂ ನಗುತ್ತಾರೆ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು.

ತಂದೆ ಬಂದ. ಮಗ್ಗ ನೋಡಿದ, ನೆಲದ ಮೇಲೆ ಬಿದ್ದ ತುದಿಗಳನ್ನೂ ನೋಡಿದ. ಬೈಗುಳ ಬರುತ್ತದೆಂದು ಅವಳು ಕಾದಳು. ಅವನು ಕೈಕಾಲು ತೊಳೆದು ಬಂದು ಮಗ್ಗದ ಹಿಂದೆ ಕೂತ. ಯಾಕೆ ಕಡಿದೆ ಎಂದು ಕೇಳಲಿಲ್ಲ, ಮುಂದೆ ಏನು ನೇಯುತ್ತೀ ಎಂದೂ ಕೇಳಲಿಲ್ಲ. ಒಂದು ಎಳೆ ಬಿಡಿಸಿ ಅವಳತ್ತ ಚಾಚಿದ. ಅವಳು ಎಳೆದುಕೊಂಡಳು. ಇನ್ನೊಂದು ಕೊಟ್ಟ. ಹೀಗೆ ನಾಲ್ಕು ದಿನ ನಡೆಯಿತು. ಮೂರನೆಯ ದಿನ ಅವನ ಸೊಂಟ ಹಿಡಿಯಿತು, ಪಂಚೆ ಬಿಗಿದು ಕಟ್ಟಿಕೊಂಡು ಮತ್ತೆ ಕೂತ. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಕೊನೆಯ ಎಳೆ ದಾಟಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಎಪ್ಪಾ, ನಿನಗ ಸಿಟ್ಟು ಬರ್ಲಿಲ್ಲೇನು?" ಎಂದಳು.

"ಸಂಕಟ ಆತವ್ವಾ," ಎಂದ ತಂದೆ. "ಆದ್ರ ನಿನ್ನ ವಯಸ್ಸಿನ್ಯಾಗ ನಾನೂ ಒಮ್ಮೆ ಕಡದಿದ್ನಿ. ಆಗ ಹಿಂದ ಕುಂತು ಎಳಿ ಕೊಟ್ಟಾಕಿ ನಮ್ಮವ್ವ."

ಗುರುಗಳು ಕತೆಯನ್ನು ಅಲ್ಲಿಗೆ ಬಿಟ್ಟು ಬೇಳೆಗೆ ತಿರುಗಿದರು.

ಮುರಿಗೆಪ್ಪ ಕಾದ. ನಾಳೆ ಏನು ಮಾಡಬೇಕೆಂಬುದು ಕತೆಯ ಮುಂದಿನ ಭಾಗದಲ್ಲಿದೆ ಎಂದು ಅವನಿಗೆ ಅನಿಸಿತ್ತು. ಕೊನೆಗೆ ಅವಳು ನೇಯ್ದದ್ದು ಏನು, ಅಪ್ಪನ ಸೀರೆಯೋ ತನ್ನದೇ ಸೀರೆಯೋ ಎಂದು ಕೇಳಿದ.

ಅಪ್ಪನೇ ಕೇಳದ್ದನ್ನು ತಾವು ಹೇಗೆ ಕೇಳುವುದು ಎಂದು ಗುರುಗಳು ನಕ್ಕರು. ನಗುತ್ತಲೇ ಅವನ ಮುಖ ನೋಡಿದರು. ಹದಿನೇಳು ವರ್ಷ ಕಂಡ ಮುಖ. ಇವನು ಹೋದರೆ ಮಠ ಬಿಕೋ ಎನ್ನುತ್ತದೆಂಬುದು ಅವರಿಗೆ ಗೊತ್ತಿತ್ತು, ಅದನ್ನು ಅವನಿಂದ ಮುಚ್ಚಿಡಲೂ ಇಲ್ಲ. ಆಮೇಲೆ ಹೇಳಿದರು:

"ಕಡಿಯೂದಿದ್ರ ಲಗೂನ ಕಡಿಯಪ್ಪಾ, ನನ್ನ ಕಣ್ಣಿಗೆ ಎಳಿ ಇನ್ನೂ ಕಾಣ್ತಾವ."