ಹಿಮ ದೂಡುವ ಹಲಗೆ

"ಬುದ್ಧಿ, ಕಷ್ಟದ ಕೆಲಸವನ್ನು ಸುಲಭ ಮಾಡಿಕೊಳ್ಳುವುದು ತಪ್ಪೇ?" ಎಂದು ಮರುಳಯ್ಯ ಮಠದ ಹಿರಿಯ ಸ್ವಾಮಿಗಳನ್ನು ಕೇಳಿದ.

ಅವನ ದನಿಯಲ್ಲಿ ಸ್ವಲ್ಪ ಮುನಿಸಿತ್ತು. ಮಠದ ದಾಸೋಹದ ಹೊಣೆ ಅವನದು. ಎಂಟು ವರ್ಷ ಬಕೆಟ್ಟು ಹಿಡಿದು ಪಂಕ್ತಿಯ ಉದ್ದಕ್ಕೂ ಬಗ್ಗಿ ಬಗ್ಗಿ ಬಡಿಸಿ ಸೊಂಟ ಹಾಳು ಮಾಡಿಕೊಂಡಿದ್ದ. ಕೊನೆಯ ಕಂಬದ ಬಳಿ ಕೂರುವ, ಕೈ ನಡುಗುವ ಮುದುಕನಿಗಂತೂ ಅನ್ನ ಕಲಸಿಕೊಟ್ಟು, ಲೋಟ ಹಿಡಿದು ನೀರು ಕುಡಿಸಬೇಕಾಗುತ್ತಿತ್ತು. ಅಷ್ಟರಲ್ಲಿ ಆಚೆ ತುದಿಯವರು ಸಾರು ಸಾರು ಎಂದು ಕೂಗುತ್ತಿದ್ದರು. ಕಳೆದ ತಿಂಗಳು ಮರುಳಯ್ಯ ಅಡುಗೆಮನೆಯ ಗೋಡೆ ಒಡೆಸಿ ಒಂದು ಕಿಟಕಿ ಇಡಿಸಿದ. ಈಗ ಜನ ಸಾಲಾಗಿ ಬಂದು ತಟ್ಟೆ ತೆಗೆದುಕೊಂಡು ಹೋಗುತ್ತಾರೆ. ಎರಡು ಗಂಟೆಯ ಕೆಲಸ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಎಲ್ಲರೂ ಭೇಷ್ ಎಂದಿದ್ದರು. ಹಿರಿಯ ಸ್ವಾಮಿಗಳು ಮಾತ್ರ ಕಿಟಕಿಯನ್ನು ನೋಡಿ ಏನೂ ಹೇಳದೆ ಹೋಗಿದ್ದರು. ಅದು ಹದಿನೈದು ದಿನದಿಂದ ಅವನನ್ನು ಕೊರೆಯುತ್ತಿತ್ತು.

"ತಪ್ಪು ಅಂತ ಯಾರು ಹೇಳಿದರಯ್ಯಾ?" ಎಂದರು ಸ್ವಾಮಿಗಳು. "ಕೂತುಕೋ. ಆ ಸೊಂಟ ಇಟ್ಟುಕೊಂಡು ಎಷ್ಟು ಹೊತ್ತು ನಿಲ್ಲುತ್ತೀ? ಒಂದು ಕತೆ ಹೇಳುತ್ತೇನೆ."

ಅವರು ಹೇಳಿದ ಕತೆ ಇದು.

ಬಡಗಣ ಬೆಟ್ಟಗಳಲ್ಲಿ ಒಂದು ಊರು. ಅಲ್ಲಿ ವರ್ಷಕ್ಕೆ ಐದು ತಿಂಗಳು ಹಿಮ. ಊರಿಗೆ ಇರುವುದು ಒಂದೇ ದಾರಿ. ಅದು ಮುಚ್ಚಿಹೋದರೆ ಉಪ್ಪೂ ಇಲ್ಲ, ಔಷಧಿಯೂ ಇಲ್ಲ. ಅಲ್ಲಿಯ ಒಬ್ಬ ರೈತನ ಬಳಿ ಸಣ್ಣ ಟ್ರ್ಯಾಕ್ಟರ್ ಒಂದಿತ್ತು. ಅವನು ಹಳೆಯ ನೀರಿನ ಟ್ಯಾಂಕು ಕತ್ತರಿಸಿ, ಬಾಗಿದ ತಗಡಿಗೆ ಕಬ್ಬಿಣದ ಅಂಚು ಬೆಸೆದು, ಹಿಮ ದೂಡುವ ಹಲಗೆಯೊಂದನ್ನು ತಾನೇ ಮಾಡಿ ಟ್ರ್ಯಾಕ್ಟರಿನ ಮುಂದೆ ಕಟ್ಟಿಕೊಂಡ. ದಿನಾ ಬೆಳಗ್ಗೆ ಊರಿನ ದಾರಿ ಬಿಡಿಸುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ, ಯಾರೂ ಕೂಲಿ ಕೊಡುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಅದನ್ನು ಮೊದಲೇ ತಿಳಿದುಕೋ.

ಹಲಗೆ ನೆಟ್ಟಗಿದ್ದರೆ ಹಿಮ ಮುಂದಕ್ಕೆ ಹೋಗುತ್ತದೆ, ಓರೆಯಾಗಿದ್ದರೆ ಪಕ್ಕಕ್ಕೆ ಬೀಳುತ್ತದೆ. ಓರೆ ಬದಲಿಸಬೇಕೆಂದರೆ ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು, ಕಬ್ಬಿಣದ ಗೂಟವನ್ನು ಸುತ್ತಿಗೆಯಿಂದ ಹೊಡೆದು ತೆಗೆದು, ಹಲಗೆಯನ್ನು ತಳ್ಳಿ ತಿರುಗಿಸಿ, ಬೇರೆ ತೂತಿಗೆ ಗೂಟ ಬಡಿಯಬೇಕು. ಊರಿನುದ್ದಕ್ಕೂ ಬಲಗಡೆ ಹೊಳೆ. ಹಾಗಾಗಿ ರೈತ ಹಿಮವನ್ನು ಬಲಕ್ಕೇ ಕೆಡವುತ್ತ ಬರುತ್ತಿದ್ದ. ಕೊನೆಯ ಮನೆ ಒಬ್ಬ ಕಂಬಳಿ ನೇಕಾರನದು. ಅಲ್ಲಿ ಬಲಕ್ಕೆ ದೊಡ್ಡ ಬಂಡೆ, ಎಡಕ್ಕೆ ನೇಕಾರನ ಬಾಗಿಲು, ಮನೆ ದಾಟಿದ ಮೇಲೆ ಎಡಕ್ಕೆ ಖಾಲಿ ಜಾಗ. ರೈತ ಆ ಬಾಗಿಲ ಹತ್ತಿರ ಇಳಿದು ಹಲಗೆಯನ್ನು ನೆಟ್ಟಗೆ ಮಾಡುತ್ತಿದ್ದ. ಬಾಗಿಲು ದಾಟಿದ ಮೇಲೆ ಮತ್ತೆ ಇಳಿದು ಎಡಕ್ಕೆ ತಿರುಗಿಸುತ್ತಿದ್ದ. ಸುತ್ತಿಗೆಯ ಸದ್ದು ಕೇಳಿದರೆ ನೇಕಾರ ಹೊರಗೆ ಬಂದು ಹಲಗೆಗೆ ಹೆಗಲು ಕೊಡುವನು. ಆಗ ನಾಲ್ಕು ಮಾತು. ಮಗ್ಗದ ಲಾಳಿ ಮುರಿದದ್ದು, ಹೆಂಡತಿ ಬಸುರಿಯಾದದ್ದು, ಇಂಥವೇ.

ಆದರೆ ಆ ಚಳಿಯಲ್ಲಿ ಗೂಟ ಮುಟ್ಟಿದರೆ ಕೈಯ ಚರ್ಮ ಅಂಟಿಕೊಂಡು ಬರುತ್ತಿತ್ತು. ಒಂದು ದಿನ ಸುತ್ತಿಗೆ ಜಾರಿ ಹೆಬ್ಬೆರಳು ಜಜ್ಜಿಹೋಯಿತು. ಅದರ ಉಗುರು ಮತ್ತೆ ಬರಲೇ ಇಲ್ಲ. ಆ ಬೇಸಿಗೆಯಲ್ಲಿ ರೈತ ಗುಜರಿಯಿಂದ ಎರಡು ಹೈಡ್ರಾಲಿಕ್ ಸಿಲಿಂಡರ್ ತಂದು ಹಲಗೆಯ ಹಿಂದೆ ಆ ಬದಿಗೊಂದು ಈ ಬದಿಗೊಂದು ಕೂರಿಸಿದ. ಟ್ರ್ಯಾಕ್ಟರಿನ ಎಣ್ಣೆ ರಬ್ಬರು ಕೊಳವೆಗಳಲ್ಲಿ ಹರಿದು ಅವನ್ನು ದೂಡುವಂತೆ ಮಾಡಿದ. ಮೊದಲ ಸಲ ಎಣ್ಣೆ ಚಿಮ್ಮಿ ಮುಖಕ್ಕೆ ರಾಚಿತು. ಎರಡನೆಯ ಸಲ ಬೆಸುಗೆ ಬಿಟ್ಟುಕೊಂಡಿತು. ಮೂರನೆಯ ಸಲ ಕೂತಲ್ಲಿಂದಲೇ ಲಿವರ್ ಎಳೆದ. ಹಲಗೆ ಎತ್ತು ಕತ್ತು ತಿರುಗಿಸಿದ ಹಾಗೆ ಮೆಲ್ಲಗೆ ಎಡಕ್ಕೆ ತಿರುಗಿತು. ನೋಡಲು ಊರೇ ಸೇರಿತ್ತು. ನೇಕಾರನೂ ಬಂದಿದ್ದ. ಅಂತೂ ಅಣ್ಣನ ಕೈ ಉಳಿಯಿತು ಎಂದು ಮನಸಾರೆ ಹೇಳಿದ.

ಹಿಮ ಬಿತ್ತು. ಮಧ್ಯಾಹ್ನದವರೆಗೆ ಹಿಡಿಯುತ್ತಿದ್ದ ಕೆಲಸ ಎಳೆಬಿಸಿಲಿಗೇ ಮುಗಿಯತೊಡಗಿತು. ರೈತ ಈಗ ಎಲ್ಲೂ ಇಳಿಯುತ್ತಿರಲಿಲ್ಲ. ಇಳಿದು ಮಾಡುವುದಾದರೂ ಏನಿತ್ತು? ನೇಕಾರನ ಮನೆಯ ಹತ್ತಿರ ಓಡುತ್ತಲೇ ಲಿವರ್ ಎಳೆಯುತ್ತಿದ್ದ. ಒಂದು ದಿನ ಬಾಗಿಲು ದಾಟುವ ನಾಲ್ಕು ಅಡಿ ಮೊದಲೇ ಎಡಕ್ಕೆ ಎಳೆದ, ಇನ್ನೊಂದು ದಿನ ಆರಡಿ ಮೊದಲು. ಕೂತವನಿಗೆ ಹಲಗೆಯ ಆಚೆ ಬೀಳುವುದು ಕಾಣುತ್ತಿರಲಿಲ್ಲ. ಬೀಳುತ್ತಿದ್ದದ್ದು ನೇಕಾರನ ಬಾಗಿಲಿಗೆ. ನೇಕಾರ ಗುದ್ದಲಿ ತೆಗೆದುಕೊಂಡು ತಾನೇ ಎತ್ತಿಹಾಕುತ್ತಿದ್ದ. ಊರಿಗೆಲ್ಲ ಬಿಟ್ಟಿ ದಾರಿ ಮಾಡಿಕೊಡುವವನ ಮನೆಗೆ ಹೋಗಿ ದೂರು ಹೇಳಲು ಯಾರಿಗೆ ಬಾಯಿ ಬರುತ್ತದೆ, ನೀನೇ ಹೇಳು.

ಮೂರನೆಯ ತಿಂಗಳು ಬಿರುಗಾಳಿ ಎದ್ದಿತು. ಮೂರು ದಿನ ಬಿಡದೆ, ನಾಲ್ಕು ಮಾರು ಆಚೆ ಕಾಣದಂತೆ ಹಿಮ ಸುರಿಯಿತು. ಗುದ್ದಲಿ ಹಿಡಿದು ಹೊರಗೆ ಬರಲು ನೇಕಾರನಿಗೂ ಆಗಲಿಲ್ಲ. ದಾರಿ ಮುಚ್ಚಬಾರದೆಂದು ರೈತ ದಿನಕ್ಕೆ ಮೂರು ಸಲ ಟ್ರ್ಯಾಕ್ಟರ್ ಓಡಿಸಿದ. ಅನ್ನ ನೀರು ನೋಡಲಿಲ್ಲ. ನೇಕಾರನ ಮನೆಯಲ್ಲಿ ನಲವತ್ತು ದಿನದ ಕೂಸು. ಮೂರನೆಯ ದಿನ ಬೆಳಗ್ಗೆ ಅದಕ್ಕೆ ಉಸಿರು ಕಟ್ಟತೊಡಗಿತು. ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಆಸ್ಪತ್ರೆಗೆ ಹೊರಟ ನೇಕಾರ ಬಾಗಿಲು ತಳ್ಳಿದ. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅದರ ಆಚೆ ಹಿಮ ಎದೆಯೆತ್ತರ ಕೂತು ಕಲ್ಲಾಗಿತ್ತು. ಗುದ್ದಿದ, ಒದ್ದ, ಕೂಗಿದ. ಅದೇ ಹೊತ್ತಿಗೆ ಟ್ರ್ಯಾಕ್ಟರ್ ಮುಂದೆ ಹಾದುಹೋಯಿತು. ಅದರ ಸದ್ದಿನಲ್ಲಿ ಇವನ ಕೂಗು ಯಾರಿಗೆ ಕೇಳಬೇಕು? ಹಾದುಹೋದದ್ದು ಇನ್ನೂ ಒಂದಿಷ್ಟು ಹಿಮವನ್ನು ಬಾಗಿಲಿಗೆ ಒತ್ತಿ ಹೋಯಿತು. ಕೊನೆಗೆ ನೇಕಾರ ಸೂರು ಬಗೆದು ಹತ್ತಿ, ಕೂಸನ್ನು ಎದೆಗೆ ಕಟ್ಟಿಕೊಂಡು ಆಚೆ ಧುಮುಕಿದ. ಊರಿನ ದಾರಿ ಗುಡಿಸಿಟ್ಟ ಅಂಗಳದಷ್ಟು ಚೊಕ್ಕಟವಾಗಿತ್ತು. ಕೂಸು ಆಗಲೇ ತಣ್ಣಗಾಗಿತ್ತು.

ಸುದ್ದಿ ಕೇಳಿ ರೈತ ಓಡಿಬಂದ. ಬಾಗಿಲ ಮುಂದಿನ ಗುಡ್ಡೆ ಕಂಡ. ತಾನು ಮಾಡಿದ್ದನ್ನು ಅವನು ಕಣ್ಣಾರೆ ನೋಡಿದ್ದು ಅದೇ ಮೊದಲು.

"ಒಂದು ಮಾತು ಹೇಳಬಾರದಿತ್ತೇ ತಮ್ಮಾ? ನಾನೇನು ಪರಕೀಯನೇ?" ಎಂದ.

ನೇಕಾರನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇ ರೈತನಿಗೆ ತಡೆಯಲಾಗಲಿಲ್ಲ.

"ಮೊದಲು ನೀವು ಇಳಿದಾಗ ಎಲ್ಲ ಹೇಳುತ್ತಿದ್ದೆ ಅಣ್ಣ. ಈ ವರ್ಷ ನೀವು ಇಳಿಯಲೇ ಇಲ್ಲವಲ್ಲ."

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯ ಕೇಳಿದ.

"ಆ ಯಂತ್ರವನ್ನು ಕಿತ್ತು ಎಸೆದನೇ ಬುದ್ಧಿ?"

"ಯಾಕೆ ಎಸೆಯಬೇಕು? ಅದು ಎಳೆದ ಕಡೆಗೆ ತಿರುಗಿತು. ಅದರ ತಪ್ಪೇನು? ಈಗಲೂ ಅದರಲ್ಲೇ ದಾರಿ ಬಿಡಿಸುತ್ತಾನೆ. ಆ ಬಾಗಿಲ ಮುಂದೆ ಮಾತ್ರ ಟ್ರ್ಯಾಕ್ಟರ್ ನಿಲ್ಲಿಸಿ ಇಳಿಯುತ್ತಾನೆ. ಸುತ್ತಿಗೆಯಿಂದ ಹಲಗೆಗೆ ಎರಡು ಏಟು ಹೊಡೆದು, ಸ್ವಲ್ಪ ಹೊತ್ತು ನಿಂತು, ಹತ್ತಿ ಹೋಗುತ್ತಾನೆ. ನೇಕಾರ ಗಂಡಹೆಂಡಿರು ಆ ಮನೆ ಬಿಟ್ಟು ಹೋಗಿ ಎರಡು ವರ್ಷವಾಯಿತು."

ಕತೆ ಮರುಳಯ್ಯನ ಎದೆಯನ್ನು ಭಾರ ಮಾಡಿತ್ತು. ಆದರೂ ಒಳಗೆಲ್ಲೋ ಒಂದು ಸಮಾಧಾನ. ಯಂತ್ರದ ತಪ್ಪಿಲ್ಲ ಎಂದಮೇಲೆ ಕಿಟಕಿಯದೂ ತಪ್ಪಿಲ್ಲ. ಗೋಡೆ ಮುಚ್ಚಿಸು ಎಂದು ಸ್ವಾಮಿಗಳು ಹೇಳಲಿಲ್ಲವಲ್ಲ, ಅಷ್ಟು ಸಾಕು. ಅವನು ಸೊಂಟ ಹಿಡಿದುಕೊಂಡು ಎದ್ದು, ನಮಸ್ಕಾರ ಮಾಡಿ, ಬಾಗಿಲವರೆಗೆ ಹೋದ.

ಸ್ವಾಮಿಗಳು ಹಿಂದಿನಿಂದ ಮೆಲ್ಲಗೆ ಕೇಳಿದರು.

"ಮರುಳಯ್ಯ, ಕಂಬದ ಬಳಿ ಕೂರುತ್ತಿದ್ದ ಆ ಮುದುಕ ಈಗ ಎಲ್ಲಿ ಉಣ್ಣುತ್ತಾನೆ?"

ಮರುಳಯ್ಯನಿಗೆ ಗೊತ್ತಿರಲಿಲ್ಲ. ಅವನು ಹೊಸ್ತಿಲ ಮೇಲೆ ಹಾಗೆಯೇ ನಿಂತ.